ಮಮದಾಪುರದ ನೆಗೆತ ಅಳೆದ ಮೊಬೈಲು

ಗೋಕಾಕ ತಾಲ್ಲೂಕಿನ ಮಮದಾಪುರ. ಸಂಜೆ ಕಬಡ್ಡಿ ಮುಗಿಸಿದ ಹುಡುಗರು ಸುಣ್ಣದ ಗೆರೆಯ ಹಿಂದೆ ಸಾಲುಗಟ್ಟಿದ್ದರು. ತಾಲೀಮು ಕೊಡುವ ಮಾಸ್ತರರು ತಮ್ಮ ಮೊಬೈಲನ್ನು ಇಟ್ಟಿಗೆಗೆ ಆನಿಸಿ, ಪಾದ ನೆಲ ಬಿಡುವುದು ಕಾಣುವಷ್ಟು ಕೆಳಗೆ ಇಟ್ಟಿದ್ದರು. ಸೊಂಟದ ಮೇಲೆ ಕೈಯಿಟ್ಟು ನಿಂತಲ್ಲೇ ಮೇಲಕ್ಕೆ ನೆಗೆಯಬೇಕು, ಅಷ್ಟೇ.

ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮು. ಪಾದ ನೆಲ ಬಿಟ್ಟಲ್ಲಿಂದ ಮತ್ತೆ ಮುಟ್ಟುವವರೆಗೆ ಒಂದೊಂದೇ ಫ್ರೇಮು ಸರಿಸಿ ಎಣಿಸಿದರೆ ಒಬ್ಬ ಹುಡುಗನದು 108. ಅಂದರೆ ಅವನು ಗಾಳಿಯಲ್ಲಿದ್ದದ್ದು 0.45 ಸೆಕೆಂಡು. ಅದರ ವರ್ಗವನ್ನು ಗುರುತ್ವದ 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ನೆಗೆತದ ಎತ್ತರ ಸುಮಾರು 25 ಸೆಂ.ಮೀ. ಹೈಸ್ಕೂಲಿನ ಭೌತವಿಜ್ಞಾನ ಮೈದಾನದ ಮಣ್ಣಿಗಿಳಿದದ್ದು ಕಂಡು ಮನಸ್ಸು ತುಂಬಿತು.

ಅಷ್ಟರಲ್ಲಿ ಸಣಕಲು ಹುಡುಗನೊಬ್ಬ 120 ಫ್ರೇಮು ತೆಗೆದ. ಲೆಕ್ಕಕ್ಕೆ 31 ಸೆಂ.ಮೀ.! ಮಾಸ್ತರರು ವಿಡಿಯೊ ಮತ್ತೆ ತೋರಿಸಿದರು. ಇಳಿಯುವಾಗ ಅವನು ಮೊಣಕಾಲು ಮಡಚಿಕೊಂಡಿದ್ದ. ಪಾದ ತಡವಾಗಿ ನೆಲ ಮುಟ್ಟಿತ್ತು. ‘ಸರ, ಕಾಲ ಮಡಚಿದ್ರ ಜಾಸ್ತಿ ಬರತೈತ್ರೀ’ ಎಂದು ಅವನೇ ಒಪ್ಪಿಕೊಂಡ. ಆಮೇಲೆ ಎಲ್ಲರೂ ಮಡಚಿ ನೋಡಿದರು, ನೆಟ್ಟಗೆ ಇಳಿದೂ ನೋಡಿದರು. ಕ್ಯಾಮೆರಾ ಅಳೆಯುವುದು ಸಮಯವನ್ನು, ಎತ್ತರವನ್ನಲ್ಲ ಎಂಬುದು ಈ ಆಟದಲ್ಲಿ ಅವರಿಗೆ ಹೊಳೆದುಬಿಟ್ಟಿತು. ಕತ್ತಲಾಗುವವರೆಗೆ ನಾನೂ ಅಲ್ಲಿಂದ ಕದಲಲಿಲ್ಲ.

ಕ್ಯಾಮೆರಾದಿಂದ ಚಲನೆ ಅಳೆಯುವುದು ಹೊಸತಲ್ಲ. ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತವೆಂದು ಛಾಯಾಗ್ರಾಹಕ ಮೈಬ್ರಿಡ್ಜ್ ಕ್ಯಾಮೆರಾಗಳ ಸಾಲು ಹೂಡಿ ತೋರಿಸಿದ್ದು 1878ರಲ್ಲಿ. 2010ರಲ್ಲಿ ವಿಡಿಯೊ ಗೇಮಿಗೆಂದು ಬಂದ ಕಿನೆಕ್ಟ್ ಕ್ಯಾಮೆರಾವನ್ನು ಸಂಶೋಧಕರು ನಡಿಗೆ ಅಳೆಯಲು ಹಚ್ಚಿದರು. 2015ರಲ್ಲಿ ಸ್ಪೇನ್‌ನ ಬಲ್ಸಲೋಬ್ರೆ-ಫರ್ನಾಂಡೆಸ್ ಮತ್ತು ಸಂಗಡಿಗರು ಐಫೋನ್ ಅಳೆದ ನೆಗೆತವನ್ನು ಪಾದ ನೆಲಕ್ಕೆ ಹಾಕುವ ಬಲ ಅಳೆಯುವ ಪ್ರಯೋಗಾಲಯದ ಫೋರ್ಸ್ ಪ್ಲೇಟ್ ಜೊತೆ ಹೋಲಿಸಿದರು. ಎರಡೂ ಬಹಳ ಹತ್ತಿರ ಬಂದವು. ಸ್ಟ್ಯಾನ್‌ಫರ್ಡ್‌ನ ಓಪನ್‌ಕ್ಯಾಪ್ ಎಂಬ ಸಾಫ್ಟ್‌ವೇರ್‌ಗೆ ಈಗ ಎರಡು ಐಫೋನ್ ಸಾಕು, ಕೀಲುಗಳ ಚಲನೆ ಮೂರು ಆಯಾಮದಲ್ಲಿ ಸಿಗುತ್ತದೆ. ಆದರೆ ಪರದೆಯ ಮೇಲೆ ಕುಣಿಯುವ ಅಸ್ಥಿಪಂಜರದ ಗೆರೆಗಳನ್ನು ಕಂಡೊಡನೆ ನಂಬುವವನು ನಾನಲ್ಲ. ಜೋಲುವ ಚಡ್ಡಿಯೊಳಗೆ ಸೊಂಟದ ಕೀಲು ಎಲ್ಲಿದೆಯೆಂದು ಸಾಫ್ಟ್‌ವೇರ್ ಅಂದಾಜು ಮಾಡುತ್ತದೆ, ಅಷ್ಟೇ. ಫ್ರೇಮು ಎಣಿಸುವುದರಲ್ಲಿ ಆ ತೊಡಕಿಲ್ಲ.

ಅಳತೆಯ ಶಿಸ್ತಿಲ್ಲದ ಅಂಕಿ ಎಷ್ಟು ದೂರ ಓಡುತ್ತದೆಂದು ಕೋಣಗಳ ಓಟವಾದ ಕಂಬಳದಲ್ಲಿ ಕಂಡಿದ್ದೇವೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಜನ ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡು ಎಂದು ಓಟಗಾರ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ಕೋಣಗಳ ಸೆಳೆತವನ್ನು ಲೆಕ್ಕದಿಂದ ಕಳೆದವರಿಲ್ಲ. ಗದ್ದೆಯ ಅಂಚಿಗೆ ಹತ್ತು ಮೀಟರಿಗೊಂದು ಗೂಟ ನೆಟ್ಟು ಬದಿಯಿಂದ ಚಿತ್ರೀಕರಿಸಿದ್ದರೆ ವೇಗ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದಾದರೂ ತಿಳಿಯುತ್ತಿತ್ತು.

ಕ್ರೀಡಾಕೂಟಕ್ಕೆ ಮಕ್ಕಳನ್ನು ಅಣಿಗೊಳಿಸುವ ಶಿಕ್ಷಕರಲ್ಲಿ ಒಂದು ಮನವಿ. ಮೊಬೈಲನ್ನು ಸೆಕೆಂಡಿಗೆ 30 ಫ್ರೇಮಿನಲ್ಲಿ ಬಿಟ್ಟರೆ ಒಂದು ಫ್ರೇಮಿನ ತಪ್ಪಿಗೆ ನೆಗೆತ ನಾಲ್ಕು ಸೆಂ.ಮೀ.ನಷ್ಟು ಏರುಪೇರಾಗುತ್ತದೆ, 240ರಲ್ಲಿ ಅರ್ಧ ಸೆಂ.ಮೀ. ಮಾತ್ರ. ಒಳ್ಳೆಯ ಬೆಳಕಿನಲ್ಲಿ ತೆಗೆಯಿರಿ, ಮೊಣಕಾಲಿನ ಮೇಲೆ ಕಣ್ಣಿಡಿ, ಪ್ರತಿ ಮಗುವಿನ ಅಂಕಿಯನ್ನು ತಾರೀಖಿನ ಸಮೇತ ವಹಿಯಲ್ಲಿ ಬರೆದಿಡಿ.