ಗಡಿ ದಾಟಿ ಬಂದ ಪೆಟ್ಟಿಗೆ ಮತ್ತು ಕಸೂತಿಯ ಕೋಟು

ವಸ್ತುಸಂಗ್ರಹಾಲಯವೆಂದೊಡನೆ ರಾಜರ ಖಡ್ಗ, ಚಿನ್ನದ ನಾಣ್ಯ, ಮೂಗು ಮುರಿದ ವಿಗ್ರಹಗಳು ನೆನಪಾಗುತ್ತವೆ. ಅಮೃತಸರದ ಹಳೆಯ ಪುರಭವನದಲ್ಲಿ 2017ರಲ್ಲಿ ವಿಧ್ಯುಕ್ತವಾಗಿ ಆರಂಭವಾದ ದೇಶವಿಭಜನೆಯ ಸಂಗ್ರಹಾಲಯದಲ್ಲಿ ಅಂಥವೇನೂ ಇಲ್ಲ. ಅಲ್ಲಿರುವುದು ಸಾಮಾನ್ಯರ ಮನೆಯ ಪಾತ್ರೆ, ಬಟ್ಟೆ, ಕಾಗದಪತ್ರ. ಇವುಗಳಲ್ಲಿ ಹೆಚ್ಚಿನವು ಕೊಂಡು ತಂದವಲ್ಲ, ಆಯಾ ಕುಟುಂಬಗಳೇ ಕೊಟ್ಟವು.

1947ರ ಜುಲೈ 8ರಂದು ಸಿರಿಲ್ ರಾಡ್‌ಕ್ಲಿಫ್ ಭಾರತಕ್ಕೆ ಬಂದರು. ಅದಕ್ಕೆ ಮುಂಚೆ ಈ ದೇಶವನ್ನು ಅವರು ನೋಡಿಯೇ ಇರಲಿಲ್ಲ. ಪಂಜಾಬ್ ಮತ್ತು ಬಂಗಾಳಗಳನ್ನು ಸೀಳುವ ಗೆರೆ ಎಳೆಯಲು ಅವರಿಗೆ ಸಿಕ್ಕಿದ್ದು ಸುಮಾರು ಐದು ವಾರ. ಗೆರೆ ಎಲ್ಲಿದೆಯೆಂಬುದು ಜನರಿಗೆ ತಿಳಿದದ್ದು ಆಗಸ್ಟ್ 17ರಂದು, ಅಂದರೆ ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ. ಸುಮಾರು ಒಂದೂವರೆ ಕೋಟಿ ಜನ ನೆಲೆ ಕಳೆದುಕೊಂಡರು. ಸತ್ತವರ ಸಂಖ್ಯೆಯನ್ನು ಕೆಲವರು ಎರಡು ಲಕ್ಷವೆಂದರೆ, ಕೆಲವರು ಹತ್ತು ಲಕ್ಷಕ್ಕೂ ಮೀರಿಸುತ್ತಾರೆ.

ಇಂಥ ಅಂಕಿಗಳನ್ನು ಓದಬಹುದು, ಆದರೆ ಅವು ಮನಸ್ಸಿಗೆ ಇಳಿಯುವುದು ಕಷ್ಟ. ಅಮೃತಸರದ ಸಂಗ್ರಹಾಲಯದಲ್ಲಿರುವ ಎರಡು ವಸ್ತುಗಳು ಆ ಕೆಲಸ ಮಾಡುತ್ತವೆ. ಒಂದು, ಕಂದು ಬಣ್ಣದ ಚರ್ಮದ ಕೈಪೆಟ್ಟಿಗೆ. ಇನ್ನೊಂದು, ಫುಲ್ಕಾರಿ ಕಸೂತಿಯ ಕೋಟು.

ಇಬ್ಬರೂ ಪಶ್ಚಿಮ ಪಂಜಾಬಿನವರು. ಹಿರಿಯರು ಅವರ ಮದುವೆ ನಿಶ್ಚಯಿಸಿದ್ದರು. ಅಷ್ಟರಲ್ಲಿ ಗಲಭೆ ಹೊತ್ತಿತು. ಯುವಕನ ಮೂವರು ಅಣ್ಣತಮ್ಮಂದಿರು ಕೊಲೆಯಾದರು. ಆತ ಪೆಟ್ಟಿಗೆಯೊಂದನ್ನು ಹಿಡಿದು ಓಡಿಬಂದ. ಯುವತಿ ಎರಡು ವರ್ಷದ ತಮ್ಮನನ್ನು ಮಡಿಲಲ್ಲಿ ಕೂರಿಸಿಕೊಂಡು ರೈಲು ಹತ್ತಿದಳು. ಆಕೆಯ ಚೀಲದಲ್ಲಿ ಆ ಕೋಟು ಇತ್ತು. ಒಬ್ಬರು ಬದುಕಿದ್ದಾರೆಂಬುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅಮೃತಸರದ ನಿರಾಶ್ರಿತರ ಶಿಬಿರದಲ್ಲಿ ಅವರು ಮತ್ತೆ ಭೇಟಿಯಾದರು. 1948ರ ಮಾರ್ಚಿಯಲ್ಲಿ ಸರಳವಾಗಿ ಮದುವೆಯಾಯಿತು. ಅವರು ಲೂಧಿಯಾನದಲ್ಲಿ ನೆಲೆನಿಂತರು. ಇಬ್ಬರೂ ತೀರಿಕೊಂಡ ಮೇಲೆ ಮನೆಯವರು ಕೋಟು ಮತ್ತು ಪೆಟ್ಟಿಗೆಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದರು.

ಅಷ್ಟು ಅವಸರದಲ್ಲಿ ಇವನ್ನೇ ಏಕೆ ತಂದರು? ಪೆಟ್ಟಿಗೆಯಲ್ಲಿದ್ದವು ಓದಿನ ಪ್ರಮಾಣಪತ್ರಗಳು, ಆಸ್ತಿಯ ಕಾಗದಗಳು. ಹೊಸ ಊರಿನಲ್ಲಿ ಕೆಲಸ ಕೇಳಲು, ಬಿಟ್ಟುಬಂದ ಜಮೀನಿಗೆ ಬದಲಿ ಕೇಳಲು ಅವು ಬೇಕೇ ಬೇಕು. ಹಾಗಾಗಿ ಆತನ ಆಯ್ಕೆಗೆ ಲೆಕ್ಕಾಚಾರವಿತ್ತು ಎನ್ನಬಹುದು. ಕೋಟಿನ ಮಾತು ಬೇರೆ. ಫುಲ್ಕಾರಿಯೆಂದರೆ ಹೂವಿನ ಕೆಲಸ. ಒರಟು ಖಾದಿಯ ಮೇಲೆ ಹುರಿ ಹಾಕದ ರೇಷ್ಮೆ ಎಳೆಯಿಂದ, ಬಟ್ಟೆಯ ಹಿಂಬದಿಯಿಂದ ಹೊಲಿಯುತ್ತಾರೆ. ನಮ್ಮ ಧಾರವಾಡದ ಕಸೂತಿಯಂತೆ ಇಲ್ಲಿಯೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಹೆಣ್ಣುಮಗಳ ಮದುವೆಗೆಂದು ಅಜ್ಜಿ, ತಾಯಿಯರು ತಿಂಗಳುಗಟ್ಟಲೆ ಕುಳಿತು ಇದನ್ನು ಮಾಡುವುದು ಪಂಜಾಬಿನ ರೂಢಿ. ಅಂಥ ಬಟ್ಟೆಯನ್ನು ಬಿಟ್ಟುಬರುವುದೆಂದರೆ ತವರನ್ನು ಪೂರ್ತಿಯಾಗಿ ಬಿಟ್ಟುಬಂದಂತೆ.

ಇಷ್ಟೆಲ್ಲ ಆ ಕೋಟನ್ನು ನೋಡಿದರಷ್ಟೇ ತಿಳಿಯುವುದಿಲ್ಲ. ಅದರ ಜೊತೆಗೆ ಮನೆಯವರು ಹೇಳಿದ ಮಾತೂ ಉಳಿದುಬಂದದ್ದರಿಂದ ಅದು ಚರಿತ್ರೆಯಾಯಿತು. ಮಾತು ಕಳಚಿಹೋದರೆ ಉಳಿಯುವುದು ಹಳೆಯ ಬಟ್ಟೆ ಮಾತ್ರ. ಆದ್ದರಿಂದಲೇ ಈ ಸಂಗ್ರಹಾಲಯ ವಸ್ತುಗಳಷ್ಟೇ ಕಾಳಜಿಯಿಂದ ಹಿರಿಯರ ಮಾತುಗಳನ್ನೂ ಧ್ವನಿಮುದ್ರಿಸಿಕೊಂಡಿದೆ. ಗಡಿಯ ಆಚೆಗೂ ಇದೇ ಕಥೆ. ಪೂರ್ವ ಪಂಜಾಬಿನಿಂದ ಲಾಹೋರಿನತ್ತ ಹೋದ ಮುಸ್ಲಿಮ್ ಕುಟುಂಬಗಳೂ ಗಂಟುಮೂಟೆ ಹೊತ್ತೇ ಹೋದವು.

ಮಾತಿಲ್ಲದ ವಸ್ತುಗಳೂ ಅಲ್ಲಿವೆ. ಸಂಗ್ರಹಾಲಯದೊಳಗೆ ಒಂದು ಬಾವಿಯ ಪ್ರತಿರೂಪವಿದೆ. ಮಾನಕ್ಕಂಜಿ ಬಾವಿಗೆ ಹಾರಿದ, ಕೆಲವೊಮ್ಮೆ ಹಾರಬೇಕಾಗಿ ಬಂದ ಹೆಂಗಸರ ನೆನಪಿಗಾಗಿ ಅದನ್ನು ಕಟ್ಟಿದ್ದಾರೆ. ಅವರ ಪ್ರಯಾಣ ಊರಿನ ಎಲ್ಲೆಯನ್ನೂ ದಾಟಲಿಲ್ಲ. ಅವರ ಪೆಟ್ಟಿಗೆಗಳು ಯಾವ ಸಂಗ್ರಹಾಲಯಕ್ಕೂ ಬರಲಾರವು.

1947ರಲ್ಲಿ ಇಪ್ಪತ್ತರ ವಯಸ್ಸಿನವರಾಗಿದ್ದವರಲ್ಲಿ ಇಂದು ಉಳಿದಿರುವವರು ಬಹಳ ಕಡಿಮೆ. ಅಟ್ಟದ ಮೇಲಿನ ಟ್ರಂಕು ಇನ್ನೂ ಹಲವು ಮನೆಗಳಲ್ಲಿ ಇದ್ದೀತು. ಅದು ಎಲ್ಲಿಂದ ಬಂತು, ಯಾರು ಹೊತ್ತು ತಂದರು ಎಂದು ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗುಜರಿಯವನಿಗೆ ಕೊಡುವ ಯೋಚನೆ ಆಮೇಲೆ ಮಾಡಬಹುದು.