ಗಡ್ಡೆಯ ಭವಿಷ್ಯ ಓದುವವರು

ಬೀದರ, ಭಾಲ್ಕಿ, ಹುಮನಾಬಾದ ಕಡೆಯವರಿಗೆ ದೊಡ್ಡ ರೋಗ ಬಂತೆಂದರೆ ಮೊದಲು ನೆನಪಾಗುವುದು ಬೆಂಗಳೂರಲ್ಲ, ಹೈದರಾಬಾದು. ರಾತ್ರಿಯೆಲ್ಲ ರೈಲಿನಲ್ಲಿ ಕೂತು ರಾಜಧಾನಿ ಮುಟ್ಟುವುದಕ್ಕಿಂತ ಮೂರು ತಾಸಿನ ಹಾದಿ ವಾಸಿ. ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ 1955ರಿಂದ ಇದೆ. ಪಂಜಗುಟ್ಟದಲ್ಲಿ ನಿಮ್ಸ್, ಬಂಜಾರಾ ಹಿಲ್ಸ್‌ನಲ್ಲಿ ಬಸವತಾರಕಂ. ಇಲ್ಲಿನ ಸಾಲುಗಳಲ್ಲಿ ತೆಲುಗು, ಉರ್ದುವಿನ ನಡುವೆ ನಮ್ಮ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ರೋಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಮಗನೋ ಅಳಿಯನೋ ಒಬ್ಬನೇ ಮತ್ತೆ ಡಾಕ್ಟರ ಕೋಣೆಗೆ ಹೋಗಿ ಕೇಳುವ ಪ್ರಶ್ನೆ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ: "ಸಾಹೇಬ್ರ, ಖರೇ ಹೇಳ್ರಿ, ಎಷ್ಟು ದಿನ?"

ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನು ಗಡ್ಡೆಯ ಬಾಯಿಂದಲೇ ಹೊರಡಿಸಬಹುದು ಎಂದು ವಿಜ್ಞಾನಿಗಳು ಕಾಲು ಶತಮಾನದಿಂದ ಹಟ ಹಿಡಿದಿದ್ದಾರೆ. ಮೈಯ ಜೀವಕೋಶಗಳಲ್ಲೆಲ್ಲ ಇರುವುದು ಹೆಚ್ಚುಕಡಿಮೆ ಒಂದೇ ಡಿಎನ್‌ಎ. ಅಡುಗೆಮನೆಯಲ್ಲಿ ಯಾವ್ಯಾವ ಪಾತ್ರೆಗಳಿವೆ ಎಂಬ ಪಟ್ಟಿ ಅದು ಎನ್ನುವುದಾದರೆ, ಈ ಹೊತ್ತು ಒಲೆಯ ಮೇಲೆ ಯಾವುದು ಕೂತಿದೆ, ಉರಿ ಎಷ್ಟಿದೆ ಎಂಬುದೇ ಜೀನ್ ಅಭಿವ್ಯಕ್ತಿ. ಜೀನ್ ಚುರುಕಾದಷ್ಟೂ ಅದರ ಆರ್‌ಎನ್‌ಎ ಪ್ರತಿಗಳು ಸಾಮಾನ್ಯವಾಗಿ ಹೆಚ್ಚು. 1990ರ ದಶಕದಲ್ಲಿ ಬಂದ ಮೈಕ್ರೋಅರೇ ಚಿಪ್ಪು ಸಾವಿರಾರು ಜೀನ್‌ಗಳ ಲೆಕ್ಕವನ್ನು ಒಂದೇ ಸಲಕ್ಕೆ ಕೊಡತೊಡಗಿತು. ಮೊದಲ ಹಂತದಲ್ಲೇ ಶಸ್ತ್ರಚಿಕಿತ್ಸೆ ಮಾಡಿ ಗಡ್ಡೆ ತೆಗೆದರೂ ಎಷ್ಟೋ ಮಂದಿಗೆ ರೋಗ ಮರಳುತ್ತದೆ. ಯಾರಿಗೆ ಮರಳುತ್ತದೆಂದು ಮೊದಲೇ ತಿಳಿದರೆ ಅವರಿಗಷ್ಟೇ ಕೀಮೋ ಕೊಟ್ಟು ಉಳಿದವರಿಗೆ ಆ ಸಂಕಟ ತಪ್ಪಿಸಬಹುದು. ಆಸೆ ನ್ಯಾಯವಾದದ್ದೇ.

2002ರಲ್ಲಿ ಮಿಷಿಗನ್ ತಂಡ 50 ಜೀನ್‌ಗಳ ಸೂಚಿಯೊಂದನ್ನು ಮುಂದಿಟ್ಟಿತು. 2007ರಲ್ಲಿ ತೈವಾನಿನವರು 125 ರೋಗಿಗಳ ಗಡ್ಡೆ ನೋಡಿ, ಐದೇ ಜೀನ್ ಸಾಕು ಎಂದರು. ಇವೆರಡರ ನಡುವೆ, 2006ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಿಂದ ಬಂದ ಪ್ರಬಂಧ ಎಲ್ಲರಿಗಿಂತ ದೊಡ್ಡ ಸದ್ದು ಮಾಡಿತು. ಅನಿಲ್ ಪೊಟ್ಟಿ ಮತ್ತು ಸಂಗಡಿಗರು ಬರೆದದ್ದು. ಪ್ರಕಟಿಸಿದ್ದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್. ಮೊದಲ ಹಂತದ ಶ್ವಾಸಕೋಶದ ಕ್ಯಾನ್ಸರ್ ಯಾರಿಗೆ ಮರುಕಳಿಸುತ್ತದೆ ಎಂದು ಒಬ್ಬೊಬ್ಬ ರೋಗಿಯ ಮಟ್ಟದಲ್ಲೇ ಹೇಳಬಲ್ಲೆವು ಎಂಬುದು ಅದರ ವಾದ. ಇದೇ ತಂಡ, ಯಾವ ಗಡ್ಡೆಗೆ ಯಾವ ಕೀಮೋ ನಾಟುತ್ತದೆ ಎಂಬುದಕ್ಕೂ ಜೀನ್ ಸೂಚಿಗಳನ್ನು ಪ್ರಕಟಿಸಿತು. ಅವನ್ನು ನಂಬಿ ರೋಗಿಗಳ ಮೇಲೆ ಪ್ರಯೋಗಗಳೂ ಶುರುವಾದವು. ನೂರಕ್ಕೂ ಹೆಚ್ಚು ಜನ ಸೇರಿದರು.

ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಎಂಬ ಇಬ್ಬರು ಲೆಕ್ಕಿಗರು ಆ ಅಂಕಿಅಂಶಗಳನ್ನು ಕೂತು ಬಿಡಿಸಿದರು. ಸಿಕ್ಕಿದ್ದು ನೋಡಿ: ಕೀಮೋ ಸೂಚಿಯ ಪಟ್ಟಿಯಲ್ಲಿ ಜೀನ್‌ಗಳ ಹೆಸರು ಒಂದು ಸಾಲು ಕೆಳಗೆ ಜಾರಿದ್ದವು. ಅಂದರೆ ಒಂದು ಜೀನಿನ ಫಲಿತಾಂಶ ಪಕ್ಕದ್ದರ ಹೆಸರಿಗೆ. ಕೆಲವೆಡೆ 'ಔಷಧಕ್ಕೆ ಬಗ್ಗುವ' ಮತ್ತು 'ಬಗ್ಗದ' ಎಂಬ ಚೀಟಿಗಳೇ ಅದಲುಬದಲು. ಡ್ಯೂಕ್ ವಿಶ್ವವಿದ್ಯಾಲಯದೊಳಗಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿಯೂ 2008ರಲ್ಲೇ ಸಂದೇಹ ಎತ್ತಿದ್ದ. ದೊಡ್ಡವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಪ್ರಯೋಗಗಳು ನಿಂತವು, 2011ರಲ್ಲಿ ಶ್ವಾಸಕೋಶದ ಪ್ರಬಂಧವನ್ನು ಹಿಂತೆಗೆದುಕೊಂಡರು, 2015ರಲ್ಲಿ ಅಮೆರಿಕ ಸರ್ಕಾರದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ ಪೊಟ್ಟಿ ದತ್ತಾಂಶ ತಿರುಚಿದ್ದಾರೆಂದು ತೀರ್ಮಾನಿಸಿತು.

ಮೋಸವೊಂದನ್ನೇ ದೂರಿ ಸುಮ್ಮನಾಗುವಂತಿಲ್ಲ. ಪ್ರಾಮಾಣಿಕರ ಸೂಚಿಗಳೂ ನಿಲ್ಲಲಿಲ್ಲ. 2010ರಲ್ಲಿ ಜ್ಯೋತಿ ಸುಬ್ರಮಣಿಯನ್ ಮತ್ತು ರಿಚರ್ಡ್ ಸೈಮನ್ ಇಂಥ 16 ಅಧ್ಯಯನಗಳನ್ನು ಒರೆಗೆ ಹಚ್ಚಿ, ಒಂದೂ ಆಸ್ಪತ್ರೆಯ ಬಳಕೆಗೆ ಸಿದ್ಧವಿಲ್ಲ ಎಂದರು. ನೂರು ರೋಗಿಗಳು, ಇಪ್ಪತ್ತು ಸಾವಿರ ಜೀನ್‌ಗಳು: ಹುಡುಕುತ್ತ ಹೋದರೆ ಏನಾದರೊಂದು ಹೊಂದಿಯೇ ಹೊಂದುತ್ತದೆ. ಮರುವರ್ಷ ಬ್ರಸೆಲ್ಸ್‌ನ ತಂಡವೊಂದು ಸ್ತನ ಕ್ಯಾನ್ಸರಿನಲ್ಲಿ ಇದನ್ನೇ ತಮಾಷೆಯಾಗಿ ತೋರಿಸಿತು. ಊಟದ ನಂತರ ನಕ್ಕರೆ ರಕ್ತಕಣಗಳಲ್ಲಿ ಬದಲಾಗುವ ಜೀನ್‌ಗಳ ಪಟ್ಟಿಯನ್ನು ತಂದು ಗಡ್ಡೆಗೆ ಹಚ್ಚಿದರೆ ಅದೂ ರೋಗಿಯ ಆಯುಸ್ಸಿನೊಂದಿಗೆ ತಾಳೆಯಾಯಿತು! ಅಲ್ಲಲ್ಲಿ ಆರಿಸಿದ ಜೀನ್‌ಗಳ ಗುಂಪುಗಳೂ ಬಹುಪಾಲು ಹಾಗೆಯೇ. ಪತ್ರಿಕೆಯಲ್ಲಿ 'ಕ್ಯಾನ್ಸರ್ ಭವಿಷ್ಯ ಹೇಳುವ ಜೀನ್ ಪತ್ತೆ' ಎಂಬ ತಲೆಬರಹ ಕಂಡಾಗಲೆಲ್ಲ ನನಗೆ ಈ ನಗೆಯ ಪಟ್ಟಿಯೇ ನೆನಪಾಗುತ್ತದೆ.

ಇನ್ನೊಂದು ತೊಡಕು ಗಡ್ಡೆಯೊಳಗೇ ಇದೆ. ಪೆಥಾಲಜಿ ಲ್ಯಾಬಿನಲ್ಲಿ 'ಬ್ಲಾಕ್' ಎನ್ನುವ ವಸ್ತುವನ್ನು ನೋಡಬೇಕು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅಂಚಿನಲ್ಲಿ ಒಂದು ನಂಬರು, ನಡುವೆ ಬಿಳಿ ಮೇಣದಲ್ಲಿ ಹುದುಗಿದ ಮಾಂಸದ ಚೂರು. ಸೂಜಿ ಬಯಾಪ್ಸಿಯಾದರೆ ಚೂರೂ ಅಲ್ಲ, ಮಿಲಿಮೀಟರ್ ದಪ್ಪದ ಒಂದೆರಡು ಎಳೆ. ಮೈಕ್ರೋಟೋಮಿನಿಂದ ಅದನ್ನು ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಹೆರೆದು, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುತ್ತಾರೆ. ಹೆರೆದಷ್ಟೂ ಸರಕು ಕರಗುತ್ತದೆ. ಆಸ್ಪತ್ರೆ ಬದಲಾಯಿಸುವಾಗ ಈ ಬ್ಲಾಕನ್ನು ಕವರಿನಲ್ಲಿ ಹಾಕಿಕೊಂಡು ಮನೆಯವರೇ ಊರಿಂದೂರಿಗೆ ಒಯ್ಯುತ್ತಾರೆ. ಫಾರ್ಮಲಿನ್‌ನಲ್ಲಿ ನೆನೆದ ಆರ್‌ಎನ್‌ಎ ತುಂಡುತುಂಡಾಗಿರುವುದು ಒಂದು ಕಷ್ಟ. ಗಡ್ಡೆಯ ಒಂದು ಮೂಲೆಯ ಜೀನ್ ಲೆಕ್ಕ ಇನ್ನೊಂದು ಮೂಲೆಗೆ ಹೊಂದದಿರುವುದು ಅದಕ್ಕಿಂತ ದೊಡ್ಡದು. ಅದೇ ರೋಗಿ ಒಂದು ಚೂರಿನಲ್ಲಿ ಅಪಾಯದಂಚಿನವನು, ಮತ್ತೊಂದರಲ್ಲಿ ನಿರಾತಂಕ. 2019ರಲ್ಲಿ ಲಂಡನ್ನಿನ ಟ್ರೇಸರ್‌ಎಕ್ಸ್ ತಂಡ ಗಡ್ಡೆಯ ಎಲ್ಲ ಭಾಗದಲ್ಲೂ ಸಮನಾಗಿ ಕಾಣುವ ಜೀನ್‌ಗಳನ್ನೇ ಹೆಕ್ಕಿ, 23 ಜೀನ್‌ಗಳ 'ಒರಾಕಲ್' ಸೂಚಿ ಕಟ್ಟಿತು. ಈ ದಾರಿಯಲ್ಲಿ ನನಗೆ ಭರವಸೆ ಇರುವುದು ಇಂಥ ಕೆಲಸದ ಮೇಲೆಯೇ.

ಇತ್ತ, ಭವಿಷ್ಯ ಹೇಳದ ಪರೀಕ್ಷೆಯೊಂದು ಸದ್ದಿಲ್ಲದೆ ಗೆದ್ದಿತು. 2004ರಲ್ಲಿ ಇಜಿಎಫ್‌ಆರ್ ಜೀನಿನ ಮ್ಯುಟೇಶನ್ ಪತ್ತೆಯಾಯಿತು. ಅದಿದ್ದರೆ ಜೆಫಿಟಿನಿಬ್‌ನಂಥ ಮಾತ್ರೆ ನಾಟುತ್ತದೆ. ಭಾರತದ ರೋಗಿಗಳಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇದು ಸಿಗುತ್ತದೆ. ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ಇನ್ನೂ ಹೆಚ್ಚು. 1930ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ವಜೀರ್ ಸುಲ್ತಾನ್ ಕಂಪನಿ ಚಾರ್‌ಮಿನಾರ್ ಸಿಗರೇಟನ್ನು ದೇಶಕ್ಕೆಲ್ಲ ಹಂಚಿತು. ಅದೇ ಊರಿನ ನ್ಯಾಟ್ಕೋ ಫಾರ್ಮಾ ಜೆಫಿಟಿನಿಬ್, ಎರ್ಲೊಟಿನಿಬ್‌ಗಳ ಅಗ್ಗದ ರೂಪ ತಂದಿತು. ಇಜಿಎಫ್‌ಆರ್ ಪರೀಕ್ಷೆ 'ಎಷ್ಟು ದಿನ' ಎಂಬುದಕ್ಕೆ ಉತ್ತರಿಸುವುದಿಲ್ಲ, 'ಯಾವ ಮಾತ್ರೆ' ಎಂಬುದಕ್ಕೆ ಉತ್ತರಿಸುತ್ತದೆ. ಇರುವ ಎಳೆಯಷ್ಟು ಮಾಂಸವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಕೇಳಿದರೆ ನನ್ನ ಮತ ಎರಡನೆಯದಕ್ಕೇ.

ಜೊತೆಗೆ, ಭವಿಷ್ಯದ ಸೂಚಿಗಳೆಲ್ಲ ಮುಖ್ಯವಾಗಿ ಮೊದಲ ಹಂತದ ರೋಗಿಗಳಿಗಾಗಿ ಹುಟ್ಟಿದವು. ನಮ್ಮಲ್ಲಿ ಆ ಹಂತದಲ್ಲಿ ಬರುವವರೇ ಕಡಿಮೆ. ಎಕ್ಸ್‌ರೇಯಲ್ಲಿ ಕಂಡ ನೆರಳನ್ನು ಕ್ಷಯ ಎಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ಆಮೇಲೆ ಎರ್ರಗಡ್ಡದ ಎದೆರೋಗ ಆಸ್ಪತ್ರೆಗೋ ನಿಮ್ಸ್‌ಗೋ ಬರುವವರ ಗಡ್ಡೆ ಅಷ್ಟರಲ್ಲಿ ಹೊರಗೆ ಹಬ್ಬಿರುತ್ತದೆ.

ಹಾಗೆಂದು ಹೈದರಾಬಾದಿಗೆ ಜೀನ್ ಅಭಿವ್ಯಕ್ತಿ ಅಳೆಯುವ ವಿದ್ಯೆ ಹೊಸದಲ್ಲ. 2007ರಲ್ಲಿ ಇಲ್ಲಿನ ಆಸಿಮಂ ಬಯೋಸೊಲ್ಯೂಷನ್ಸ್, ಅಮೆರಿಕದ ಜೀನ್ ಲಾಜಿಕ್ ಕಂಪನಿಯ ಜೀನೋಮಿಕ್ಸ್ ವಿಭಾಗವನ್ನೇ ಕೊಂಡುಕೊಂಡಿತು. ಔಷಧ ಕಂಪನಿಗಳಿಗಾಗಿ ಕಟ್ಟಿದ್ದ ಜೀನ್ ಅಭಿವ್ಯಕ್ತಿಯ ದೊಡ್ಡ ಭಂಡಾರ ಅದರೊಂದಿಗೆ ಬಂತು. ಇಲ್ಲಿನದೇ ಡಿಎನ್‌ಎ ಬೆರಳಚ್ಚು ಸಂಶೋಧನಾ ಕೇಂದ್ರವಾದ ಸಿಡಿಎಫ್‌ಡಿಯಲ್ಲಿ ಮುರಳಿಧರ ಬಾಶ್ಯಂ ಅವರ ತಂಡ ಗುದನಾಳದ ಕ್ಯಾನ್ಸರನ್ನು ಕೆದಕಿ, ನಮ್ಮ ಎಳೆವಯಸ್ಸಿನ ರೋಗಿಗಳ ಗಡ್ಡೆಗಳಲ್ಲಿ ಅನೇಕವು ಪಾಶ್ಚಾತ್ಯ ಪುಸ್ತಕಗಳು ಹೇಳುವ ಹಾದಿಯಲ್ಲಿ ಬೆಳೆಯುವುದಿಲ್ಲ ಎಂದು ತೋರಿಸಿತು. ಶ್ವಾಸಕೋಶಕ್ಕೂ ಮಿಷಿಗನ್ನಿನ, ಲಂಡನ್ನಿನ ಸೂಚಿಯನ್ನು ಹಾಗೇ ತಂದು ಅಂಟಿಸುವಂತಿಲ್ಲ. ಇಲ್ಲಿಯ ಗಡ್ಡೆಗಳ ಮೇಲೆ ಪರೀಕ್ಷಿಸಲೇಬೇಕು.

ಅದಕ್ಕೆ ಬೇಕಾದ ಯಂತ್ರ, ಲ್ಯಾಬು, ಗಣಕದವರು ಎಲ್ಲ ಈ ಊರಿನಲ್ಲಿದ್ದಾರೆ. ಬೇಕಾದದ್ದು ಬೇರೆ. ಜೀನ್ ಹೇಳಿದ್ದು ನಿಜವಾಯಿತೇ ಎಂದು ನೋಡಲು ಐದು ವರ್ಷದ ನಂತರ ಆ ರೋಗಿ ಹೇಗಿದ್ದಾನೆಂದು ತಿಳಿದಿರಬೇಕಲ್ಲ? ಕೀಮೋ ಮುಗಿಸಿ ಔರಾದ ತಾಲ್ಲೂಕಿನ ಹಳ್ಳಿಗೆ ಮರಳಿದವನ ಕಡತದಲ್ಲಿ ಇರುವುದು ಅಳಿಯನ ಮೊಬೈಲ್ ನಂಬರು, ಅದೂ ಬದಲಾಗಿರುತ್ತದೆ. ನಿಮ್ಸ್‌ನ ಜನಾಧಾರಿತ ಕ್ಯಾನ್ಸರ್ ನೋಂದಣಿ ಲೆಕ್ಕ ಇಡುವುದು ಹೈದರಾಬಾದಿನ ನಿವಾಸಿಗಳನ್ನು. ಬೀದರಿನಿಂದ ಬಂದುಹೋದವನು ಅದರಲ್ಲಿಲ್ಲ. ಸೀಕ್ವೆನ್ಸಿಂಗ್ ಯಂತ್ರಕ್ಕೆ ಅನುದಾನ ಕೇಳಿದರೆ ಸಿಕ್ಕೀತು. ಐದು ವರ್ಷ ತಪ್ಪದೆ ಫೋನು ಹಚ್ಚಿ, ಹತ್ತದಿದ್ದರೆ ಬಸ್ಸು ಹಿಡಿದು ಮನೆ ಬಾಗಿಲಿಗೆ ಹೋಗಿ ಕೇಳಿ ಬರುವ ಒಬ್ಬ ಕನ್ನಡ ಬಲ್ಲ ಸಮಾಜ ಕಾರ್ಯಕರ್ತೆಯ ಸಂಬಳವನ್ನು ಯೋಜನಾ ವರದಿಯಲ್ಲಿ ಯಾರು ಬರೆಯುತ್ತಾರೆ?