ಸೊಂಟದ ಕೀಲಿನ ಆಪರೇಷನ್ನಿಗೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ವಯಸ್ಸಾದವರಿಗೆ ಸೊಂಟದ ಕೀಲು ಬದಲಿಸಬೇಕು ಎಂದು ಮೂಳೆ ಡಾಕ್ಟರು ಹೇಳಿದ ಮೇಲೆ ಆಪರೇಷನ್ ಆಗುವಷ್ಟರಲ್ಲಿ ದೊಡ್ಡ ಓಡಾಟವೇ ಇರುತ್ತದೆ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಇಸಿಜಿ, ಎಕೋ, ಕಾಲಿನ ಡಾಪ್ಲರ್, ಕೆಲವೊಮ್ಮೆ ಎಂಆರ್‌ಐ, ಕೊನೆಗೆ ಹೃದಯದ ಡಾಕ್ಟರಿಂದ ‘ಫಿಟ್‌ನೆಸ್’. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿ ಆ ದಿನ ತಜ್ಞರು ಸಿಗದಿದ್ದರೆ ದಾವಣಗೆರೆಗೆ ಇನ್ನೂ 60. ಬಸ್ಸಿನ ಮೆಟ್ಟಿಲು ಹತ್ತಲಾಗದವರಿಗೆ ಬಾಡಿಗೆ ಕಾರೇ ಗತಿ, ಜೊತೆಗೆ ಬರುವ ಮಗನಿಗೋ ಸೊಸೆಗೋ ಅಂದಿನ ಕೂಲಿ ಹೋಯಿತು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಸ್ಪತ್ರೆಗೆ ಸೇರುವ ಹಿಂದಿನ 3 ದಿನಗಳ ಪರೀಕ್ಷೆ, ಔಷಧದ ಖರ್ಚು ಸೇರಿದೆ. ಅದಕ್ಕೂ ಮೊದಲಿನ ವಾರಗಳ ಅಲೆದಾಟದ ಖರ್ಚು ಮನೆಯವರದೇ. ಹಾಗಾಗಿ ಇಲ್ಲಿ ಒಂದು ಪರೀಕ್ಷೆಯ ಬೆಲೆ ಲ್ಯಾಬಿನ ರಸೀದಿಯಲ್ಲಿ ಇರುವಷ್ಟೇ ಅಲ್ಲ. ರಿಪೋರ್ಟ್ ಹೇಗೆ ಬಂದರೂ ಡಾಕ್ಟರು ಮಾಡುವುದು ಅದನ್ನೇ ಎಂದಾದರೆ, ಆ ಪರೀಕ್ಷೆಗಾಗಿ ರೋಗಿಯನ್ನು ಓಡಾಡಿಸಬಾರದು.

ಹೀಗೆ ಅಳೆದು ನೋಡಿದರೆ ನಿಜಕ್ಕೂ ಬೇಕಾದ ಪರೀಕ್ಷೆಗಳು ಹೆಚ್ಚಾಗಿ ಅಗ್ಗದವೇ. ಮೊದಲನೆಯದು ಹಿಮೋಗ್ಲೋಬಿನ್. ಈ ಆಪರೇಷನ್ನಿನಲ್ಲಿ ರಕ್ತ ಸಾಕಷ್ಟು ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಕಂಡುಕೊಂಡಿತು. ಅವರ ತಾಯಂದಿರ ಸ್ಥಿತಿ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ನಂಬಲು ಕಾರಣವಿಲ್ಲ. ರಕ್ತ ಕಡಿಮೆ ಇದೆ ಎಂದು ತಿಂಗಳ ಮುಂಚೆ ಗೊತ್ತಾದರೆ ಕಬ್ಬಿಣದ ಮಾತ್ರೆಯಲ್ಲೋ ಡ್ರಿಪ್‌ನಲ್ಲೋ ಸರಿಪಡಿಸಬಹುದು. ಹಿಂದಿನ ಸಂಜೆ ಗೊತ್ತಾದರೆ ರಕ್ತದ ಬಾಟಲಿ ಏರಿಸುವುದೊಂದೇ ದಾರಿ. ಆದ್ದರಿಂದ ಇದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ, ಆಪರೇಷನ್ ಎಂದು ತೀರ್ಮಾನವಾದ ದಿನವೇ ಮಾಡಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಬೇಕು. ಸಕ್ಕರೆ ಹತೋಟಿ ತಪ್ಪಿದ್ದರೆ ಹೊಸ ಕೀಲಿಗೆ ಸೋಂಕು ತಗಲುವ ಅಪಾಯ ಹೆಚ್ಚು, ಆಗ ಆಪರೇಷನ್ ಮುಂದೂಡುವುದೇ ಸರಿ. ಯಾವ ನೋವಿನ ಮಾತ್ರೆ ಕೊಡಬಹುದು ಎಂಬುದನ್ನು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಹೇಳುತ್ತದೆ. ರಕ್ತದ ಗುಂಪು, ವಯಸ್ಸಾದವರಿಗೆ ಇಸಿಜಿ, ಇವನ್ನೂ ಬಿಡುವಂತಿಲ್ಲ. ಸೊಂಟದ ಸಾದಾ ಎಕ್ಸ್‌ರೇಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಂದು ಮಹತ್ವವಿದೆ. ಇಲ್ಲಿನ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಆ ನೀರನ್ನು ದಶಕಗಟ್ಟಲೆ ಕುಡಿದವರ ಮೂಳೆ ಸಾಂದ್ರವಾಗಿ, ಬೆನ್ನುಮೂಳೆಯ ಕಟ್ಟುಗಳು ಗಟ್ಟಿಯಾಗಿರಬಹುದು. ಬೆನ್ನಿಗೆ ಅರಿವಳಿಕೆ ಚುಚ್ಚುವ ವೈದ್ಯರಿಗೆ ಅದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಉಳಿದವುಗಳ ಕಥೆ ಬೇರೆ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೀಲು ಬದಲಾವಣೆಯನ್ನು ದೊಡ್ಡ ಶಸ್ತ್ರಚಿಕಿತ್ಸೆಗಳ ಸಾಲಿಗೇ ಸೇರಿಸಿದೆ. ಆದರೂ ಎದೆಯ ಎಕ್ಸ್‌ರೇ, ಎಕೋ, ಮೂತ್ರದ ಪಟ್ಟಿ ಪರೀಕ್ಷೆ ಇವನ್ನು ಎಲ್ಲರಿಗೂ ವಾಡಿಕೆಯಾಗಿ ಮಾಡಬೇಡಿ ಎನ್ನುತ್ತದೆ. ಉರಿ, ಜ್ವರ ಏನೂ ಇಲ್ಲದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಹುಡುಕಿ ಆ್ಯಂಟಿಬಯಾಟಿಕ್ ಕೊಡುವುದು ಬೇಡ ಎಂದು ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರಲ್ಲಿ ಹೇಳಿತು. ಸವೆದು ಹೋದ ಕೀಲು ಎಕ್ಸ್‌ರೇಯಲ್ಲೇ ಸ್ಪಷ್ಟವಾಗಿ ಕಂಡ ಮೇಲೆ ಎಂಆರ್‌ಐ ಹೊಸದೇನನ್ನೂ ಹೇಳುವುದಿಲ್ಲ. ಆದರೆ ಸ್ಟೀರಾಯ್ಡ್‌ನಿಂದಲೋ ಕುಡಿತದಿಂದಲೋ ತೊಡೆಮೂಳೆಯ ತಲೆಗೆ ರಕ್ತ ನಿಂತು ನೋವು ಶುರುವಾದ ಕಿರಿಯರಿಗೆ ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಅಂಥವರಿಗೆ ಎಂಆರ್‌ಐ ಬೇಕೇ ಬೇಕು.

ಎಲ್ಲಕ್ಕಿಂತ ಕಳವಳದ್ದು ಪರೀಕ್ಷೆಯಿಂದ ಪರೀಕ್ಷೆಗೆ ಜಾರಿ ಆ್ಯಂಜಿಯೋಗ್ರಾಂ, ಸ್ಟೆಂಟ್‌ವರೆಗೆ ಹೋಗುವುದು. ದೊಡ್ಡ ರಕ್ತನಾಳದ ಆಪರೇಷನ್ ಹೃದಯಕ್ಕೆ ಸೊಂಟದ್ದಕ್ಕಿಂತ ಭಾರವಾದದ್ದು. ಅದಕ್ಕೆ ಕಾದಿದ್ದ, ಸ್ಥಿರ ಹೃದ್ರೋಗವಿದ್ದ 510 ಮಂದಿಯನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲು ಬೈಪಾಸ್ ಅಥವಾ ಆ್ಯಂಜಿಯೋಪ್ಲಾಸ್ಟಿ ಮಾಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಆಪರೇಷನ್ನಿಗೆ ಕಾಯುವ ಕಾಲ ಮಾತ್ರ 18 ದಿನದಿಂದ 54 ದಿನಕ್ಕೆ ಏರಿತ್ತು. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸುವಂತಿಲ್ಲ, ಸೊಂಟದ ಆಪರೇಷನ್ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ.

ಒಂದು ಪರೀಕ್ಷೆ ಜಾಸ್ತಿಯಾದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಲ್ಯಾಬಿನ ‘ನಾರ್ಮಲ್’ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ ಪೂರ್ತಿ ಆರೋಗ್ಯವಾಗಿರುವವರಲ್ಲೂ ನೂರಕ್ಕೆ 64 ಮಂದಿಗೆ ಒಂದಾದರೂ ‘ಹೆಚ್ಚುಕಡಿಮೆ’ ಬರುತ್ತದೆ. ಅದರ ಬೆನ್ನು ಹತ್ತಿ ಇನ್ನೊಂದು ಪರೀಕ್ಷೆ, ಇನ್ನೊಬ್ಬ ಡಾಕ್ಟರು. ಬಿದ್ದು ಸೊಂಟ ಮುರಿದುಕೊಂಡವರಿಗಂತೂ ಈ ತಡ ನೇರವಾಗಿ ಹಾನಿ ಮಾಡುತ್ತದೆ. ಭಾರತವೂ ಸೇರಿ 17 ದೇಶಗಳಲ್ಲಿ ಸುಮಾರು 3,000 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ 6 ಗಂಟೆಯೊಳಗಿನ ಆಪರೇಷನ್ನನ್ನು 24 ಗಂಟೆಯದಕ್ಕೆ ಹೋಲಿಸಿತು. ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ, ನಿಜ. ಆದರೆ ಬೇಗ ಆಪರೇಷನ್ ಆದವರಲ್ಲಿ ಬುದ್ಧಿಭ್ರಮಣೆ, ಮೂತ್ರದ ಸೋಂಕು ಕಡಿಮೆ ಇದ್ದವು, ಅವರು ಬೇಗ ಎದ್ದು ನಿಂತರು. ಶನಿವಾರ ಬಿದ್ದ ಅಜ್ಜಿಯನ್ನು ಎಕೋ ಡಾಕ್ಟರು ಸೋಮವಾರ ಬರುವವರೆಗೆ ಮಲಗಿಸಿಡುವುದು ಎಚ್ಚರಿಕೆಯ ಕ್ರಮ ಎನಿಸಿಕೊಳ್ಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಳ್ಳಿಯವರು ಜೀವಮಾನದಲ್ಲಿ ಬಿಪಿ ಕೂಡ ನೋಡಿಸಿರುವುದಿಲ್ಲ, ಸೊಂಟ ನೋಯುವವರು ಮೆಟ್ಟಿಲು ಹತ್ತಿ ಹೃದಯದ ಶಕ್ತಿ ತೋರಿಸಲಾರರು, ಹಾಗಿರುವಾಗ ಎಕೋ ಇಲ್ಲದೆ ನಂಬುವುದು ಹೇಗೆ? ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಉತ್ತರ ಮೊದಲು ಸಿಗುವುದು ಸ್ಟೆತಸ್ಕೋಪಿನಲ್ಲಿ. ಮಲಗಿದಾಗ ಏದುಸಿರು, ಕಾಲೂತ, ತಲೆ ಸುತ್ತಿ ಬಿದ್ದದ್ದು, ಎದೆನೋವು, ಹೃದಯದ ಬಡಿತದಲ್ಲಿ ಮರ್ಮರ ಶಬ್ದ ಇವೆಲ್ಲವನ್ನೂ ಹತ್ತು ನಿಮಿಷ ಕೂತು ಕೇಳಿ ನೋಡಿದರೆ ಯಾರಿಗೆ ಎಕೋ ಬೇಕು ಎಂದು ಗೊತ್ತಾಗುತ್ತದೆ, ಅವರಿಗೆ ತಪ್ಪದೆ ಮಾಡಿಸಬೇಕು. ಮಹಾಧಮನಿಯ ಕವಾಟ ಕಿರಿದಾಗಿದ್ದರೆ ಬೆನ್ನಿನ ಅರಿವಳಿಕೆಯೇ ಅಪಾಯಕಾರಿ. ಕೋರ್ಟಿನ ಭಯ ಡಾಕ್ಟರುಗಳಿಗಿದೆ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಂದ ಮೇಲೆ ಅದು ಸಹಜವೂ ಹೌದು. ಆದರೆ ರೋಗಿಯನ್ನು ಪರೀಕ್ಷಿಸಿ, ಎಕೋ ಏಕೆ ಬೇಡ ಎಂದು ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದಿಟ್ಟ ಡಾಕ್ಟರ ಬಳಿ ಸಮರ್ಥನೆ ಇರುತ್ತದೆ, ಕಾರಣವಿಲ್ಲದ ರಿಪೋರ್ಟುಗಳ ಕಂತೆ ಅಂಥ ಸಮರ್ಥನೆ ಕೊಡುವುದಿಲ್ಲ.

ಒಂದೇ ಪರೀಕ್ಷೆ ಎರಡೆರಡು ಸಲ ಆಗುವುದನ್ನು ಮನೆಯವರೇ ತಡೆಯಬಹುದು. ಹೊಳಲ್ಕೆರೆಯಲ್ಲಿ ತೆಗೆಸಿದ ಎಕ್ಸ್‌ರೇ ಫಿಲ್ಮ್, ಮೂರು ತಿಂಗಳೊಳಗಿನ ಎಚ್‌ಬಿಎ1ಸಿ, ಹಳೆಯ ಇಸಿಜಿ, ತಿನ್ನುತ್ತಿರುವ ಮಾತ್ರೆಗಳ ಚೀಟಿ, ಎಲ್ಲವೂ ಒಂದೇ ಫೈಲಿನಲ್ಲಿ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಲಿ. ಮತ್ತೆ ಬರೆದುಕೊಟ್ಟರೆ, ‘ಸಾರ್, ಇದರಲ್ಲಿ ಏನಾದರೂ ಬಂದರೆ ಆಪರೇಷನ್ ಬದಲಾಗುತ್ತಾ?’ ಎಂದು ಕೇಳಲು ಹಿಂಜರಿಯಬೇಕಿಲ್ಲ. ರಕ್ತದ ಗುಂಪನ್ನು ಮಾತ್ರ, ರಕ್ತ ಕೊಡುವ ಆಸ್ಪತ್ರೆ ತಾನೇ ಇನ್ನೊಮ್ಮೆ ನೋಡಿ ಹೊಂದಿಸಬೇಕು. ಅದಕ್ಕೆ ಯಾರೂ ಬೇಸರಪಡಬಾರದು.